ತರಬೇತಿ ಕೊಟ್ಟೆವು, ಹುದ್ದೆ ಕೊಟ್ಟೆವಾ? ಅಂಗನವಾಡಿಯ ಐವತ್ತು ವರ್ಷದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರದ ಸಂಚಿಕೆಯನ್ನ ಒಂದು ಹಳೇ ನೋಟ್‌ಬುಕ್‌ನಿಂದ ಶುರು ಮಾಡ್ತೀನಿ.

ನಮ್ಮ ದೊಡ್ಡಮ್ಮ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದರು. 1986ರಲ್ಲಿ ಕೆಲಸಕ್ಕೆ ಸೇರಿದರು, 2016ರಲ್ಲಿ ನಿವೃತ್ತರಾದರು. ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಟ್ರಂಕ್ ಇಳಿಸಿದೆ. ಅದರೊಳಗೆ ರಟ್ಟು ಕಿತ್ತುಹೋದ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಅದು ಅವರ ತರಬೇತಿ ಕಾಲದ ಪುಸ್ತಕ. ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ ಆರು ಸಾಲು ಬರೆದಿದ್ದಾರೆ: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ಶಿಕ್ಷಣ. ಇನ್ನೊಂದು ಪುಟದಲ್ಲಿ ಭೇದಿ ಆದ ಮಗುವಿಗೆ ಕೊಡೋ ನೀರಿನ ಲೆಕ್ಕ. ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅದರ ಕೆಳಗೆ ಎರಡು ಗೆರೆ ಎಳೆದು, "ಅಳತೆ ತಪ್ಪಬಾರದು" ಅಂತ ಬರೆದಿದ್ದಾರೆ.

ನಾನು ಕೇಳಿದೆ, "ದೊಡ್ಡಮ್ಮ, ಈ ನೋಟ್ಸ್ ಇನ್ನೂ ಯಾಕೆ ಇಟ್ಕೊಂಡಿದ್ದೀಯ?"

ಅವರು ನಕ್ಕು ಹೇಳಿದ್ದು, "ನನ್ ಹತ್ರ ಆರ್ಡರ್ ಕಾಪಿ ಇಲ್ಲ ಕಣ್ ಮಗಾ, ಇದೇ ಇರೋದು."

ಆ ಮಾತು ನನ್ನ ತಲೆಯಲ್ಲೇ ಕೂತುಬಿಡ್ತು. 2025ರ ಅಕ್ಟೋಬರ್ 2ಕ್ಕೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ, ಅಂದ್ರೆ ನಾವೆಲ್ಲ ಐಸಿಡಿಎಸ್ ಅನ್ನೋ ಯೋಜನೆಗೆ, ಐವತ್ತು ವರ್ಷ ತುಂಬಿತು. ಈ ಐವತ್ತು ವರ್ಷದಲ್ಲಿ ಸರ್ಕಾರ ಈ ಹೆಣ್ಣುಮಕ್ಕಳಿಗೆ ಏನೇನು ಕಲಿಸಿತು, ಯಾಕೆ ಕಲಿಸಿತು, ಅವರನ್ನ ಏನಂತ ಕರೆಯಿತು? ಇವತ್ತು ಈ ಇತಿಹಾಸವನ್ನ ನೋಡೋಣ.

ಹೆಸರು ಹುಟ್ಟಿದ ಅಂಗಳ

ಅಂಗನವಾಡಿ ಅನ್ನೋ ಹೆಸರು ಸರ್ಕಾರಿ ಕಡತದಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ನಾವು ಮಹಾರಾಷ್ಟ್ರ ಮತ್ತು ಗುಜರಾತ್ ಗಡಿಯ ಬೋರ್ಡಿ ಅನ್ನೋ ಕಡಲತೀರದ ಊರಿಗೆ ಹೋಗಬೇಕು.

1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಶುರು ಮಾಡಿದರು. ಅದಕ್ಕೂ ಮುಂಚೆ ಅವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜೊತೆ ಕೆಲಸ ಮಾಡಿದವರು. ಗಿಜುಭಾಯಿ 1920ರಲ್ಲೇ ದಕ್ಷಿಣಾಮೂರ್ತಿ ಬಾಲಮಂದಿರ ತೆರೆದು, ಮಾಂಟೆಸ್ಸರಿ ಪದ್ಧತಿಯನ್ನ ನಮ್ಮ ಮಕ್ಕಳಿಗೆ ಒಗ್ಗಿಸಿದವರು. ಆದ್ರೆ ಅದು ಪಟ್ಟಣದ ಮಕ್ಕಳ ಶಾಲೆ. ಮಾಂಟೆಸ್ಸರಿ ಸಾಮಾನುಗಳಿಗೆ ದುಡ್ಡು ಬೇಕು. ಹಳ್ಳಿಯಲ್ಲಿ, ಅದರಲ್ಲೂ ಆದಿವಾಸಿ ಕೇರಿಗಳಲ್ಲಿ ಅದನ್ನ ಮಾಡೋದು ಹೇಗೆ ಅನ್ನೋದು ತಾರಾಬಾಯಿಯವರ ಪ್ರಶ್ನೆಯಾಗಿತ್ತು.

ಅವರ ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರನೇ ವಯಸ್ಸಿಗೆ ಮದುವೆಯಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾದ ಹೆಣ್ಣುಮಗಳು. ಹಟ ಹಿಡಿದು ಓದಿ ಶಿಕ್ಷಕಿಯಾದರು. ಇಬ್ಬರೂ ಬೋರ್ಡಿಯಲ್ಲಿ, ಆಮೇಲೆ 1950ರ ದಶಕದಲ್ಲಿ ಹತ್ತಿರದ ಕೋಸಬಾಡ್ ಗುಡ್ಡದಲ್ಲಿ ವಾರ್ಲಿ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿ ಒಂದು ವಿಷಯ ಬೇಗ ಅರ್ಥವಾಯಿತು. ಮಗು ಶಾಲೆಗೆ ಬರಲ್ಲ. ಅದು ತಂಗಿಯನ್ನ ಎತ್ತಿಕೊಂಡಿರುತ್ತೆ, ಇಲ್ಲಾ ಮೇಕೆ ಕಾಯ್ತಿರುತ್ತೆ. ಹಾಗಾದ್ರೆ ಶಾಲೆಯೇ ಮಗುವಿನ ಹತ್ತಿರ ಹೋಗಲಿ ಅಂದರು. ಮನೆ ಮುಂದಿನ ಅಂಗಳದಲ್ಲಿ ಮಕ್ಕಳನ್ನ ಕೂರಿಸಿ, ಮೊದಲು ಮುಖ ತೊಳೆಸಿ ತಲೆ ಬಾಚಿ, ಆಮೇಲೆ ಹಾಡು, ಎಣಿಕೆ. ಮರದ ಸಾಮಾನುಗಳ ಬದಲು ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪು. ಅಂಗಳದಲ್ಲಿ ನಡೆಯೋ ಬಾಲವಾಡಿ ಆದ್ದರಿಂದ ಅಂಗನವಾಡಿ. ನಮ್ಮ ಅಂಗಳ, ಅಂಗಣ ಎಲ್ಲಾ ಅದೇ ಮಾತು ತಾನೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತಾರಾಬಾಯಿ, ಅನುತಾಯಿ ಇಬ್ಬರಿಗೂ ಶಾಲೆ ನಡೆಸೋದು ಎಷ್ಟು ಮುಖ್ಯವೋ ಶಿಕ್ಷಕಿಯರನ್ನ ತಯಾರು ಮಾಡೋದೂ ಅಷ್ಟೇ ಮುಖ್ಯವಾಗಿತ್ತು. ಅವರ ತರಬೇತಿ ಪುಸ್ತಕದಿಂದ ಶುರುವಾಗ್ತಿರಲಿಲ್ಲ, ಮಕ್ಕಳನ್ನ ಸುಮ್ಮನೆ ನೋಡೋದರಿಂದ ಶುರುವಾಗ್ತಿತ್ತು. ಇದನ್ನ ನೆನಪಿಡಿ. ಮುಂದೆ ಬೇಕಾಗುತ್ತೆ.

1975: ಟಿ. ನರಸೀಪುರದ ನೂರು ಕೇಂದ್ರಗಳು

ಸ್ವಾತಂತ್ರ್ಯ ಬಂದ ಮೇಲೆ ಮಕ್ಕಳ ಕೆಲಸ ಚೂರುಚೂರಾಗಿ ಹಂಚಿಹೋಗಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಹಳ್ಳಿಗಳಲ್ಲಿ ಬಾಲವಾಡಿಗಳು ಬಂದವು. ನಮ್ಮ ಕಡೆ ಹಳಬರು ಈಗಲೂ 'ಶಿಶುವಿಹಾರ' ಅಂತಾರಲ್ಲ, ಅಂಥವು. ಆದ್ರೆ ಊಟ ಕೊಡೋದು ಒಂದು ಇಲಾಖೆ, ಚುಚ್ಚುಮದ್ದು ಇನ್ನೊಂದು, ಪಾಠ ಮತ್ತೊಂದು. ಹಸಿದ ಮಗುವಿಗೆ ಚುಚ್ಚುಮದ್ದು ಸಿಗ್ತಿತ್ತು, ಚುಚ್ಚುಮದ್ದು ಆದ ಮಗುವಿಗೆ ಊಟ ಸಿಗ್ತಿರಲಿಲ್ಲ.

1972ರಲ್ಲಿ ಯೋಜನಾ ಆಯೋಗ ಬೇರೆ ಬೇರೆ ಸಚಿವಾಲಯಗಳ ಅಧ್ಯಯನ ತಂಡಗಳನ್ನ ಕೂರಿಸಿ ಇದನ್ನ ನೋಡಿತು. ಎಲ್ಲಾ ಸೇವೆಗಳೂ ಒಂದೇ ಜಾಗದಲ್ಲಿ, ಒಟ್ಟಿಗೆ ಮಗುವಿಗೆ ತಲುಪಬೇಕು ಅನ್ನೋ ತೀರ್ಮಾನಕ್ಕೆ ಬಂದರು. 1974ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಬಂತು. ಮರುವರ್ಷ, ತುರ್ತು ಪರಿಸ್ಥಿತಿಯ ನಡುವೆಯೇ, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಐಸಿಡಿಎಸ್ ಶುರುವಾಯಿತು. ಅದರಲ್ಲಿ 18 ಗ್ರಾಮೀಣ, 11 ಬುಡಕಟ್ಟು ಪ್ರದೇಶದ್ದು, 4 ನಗರದ್ದು.

ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ದೇಶದಲ್ಲಿ ಸುಮಾರು 14 ಲಕ್ಷ. ಇದರ ಬೇರು ನಮ್ಮ ನಾಡಿನ ಮಟ್ಟಿಗೆ ಕಾವೇರಿ ಮತ್ತು ಕಪಿಲೆ ಸೇರೋ ಆ ತಾಲ್ಲೂಕಿನಲ್ಲಿದೆ.

ಯೋಜನೆಯ ಮೂಲ ಲೆಕ್ಕ ಹೀಗಿತ್ತು. ಸುಮಾರು ಸಾವಿರ ಜನಸಂಖ್ಯೆಗೆ ಒಂದು ಕೇಂದ್ರ. ಕೇಂದ್ರಕ್ಕೆ ಅದೇ ಊರಿನ ಒಬ್ಬ ಹೆಂಗಸು ಕಾರ್ಯಕರ್ತೆ, ಒಬ್ಬರು ಸಹಾಯಕಿ. ಇಪ್ಪತ್ತು ಚಿಲ್ಲರೆ ಕೇಂದ್ರಗಳಿಗೆ ಒಬ್ಬರು ಮೇಲ್ವಿಚಾರಕಿ. ಎಲ್ಲರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದ್ರೆ ಸಿಡಿಪಿಒ. ಮೇಲ್ವಿಚಾರಕಿ ಮತ್ತು ಸಿಡಿಪಿಒಗೆ ಸಂಬಳ. ಕಾರ್ಯಕರ್ತೆಗೆ ಮತ್ತು ಸಹಾಯಕಿಗೆ ಗೌರವಧನ.

ಈ 'ಗೌರವಧನ' ಅನ್ನೋ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಹರಿಕಥೆ ಮಾಡಿದವರಿಗೆ, ಸಭೆಗೆ ಬಂದ ಅತಿಥಿಗೆ ಕೊಡೋದು ಗೌರವಧನ. ಸರ್ಕಾರದ ತರ್ಕ ಏನು ಅಂದ್ರೆ, ಆಕೆ ನೌಕರಳಲ್ಲ, ಊರಿನ ಸೇವೆಗೆ ಬಂದ ಸ್ವಯಂಸೇವಕಿ. ದಿನಕ್ಕೆ ನಾಲ್ಕೂವರೆ ಗಂಟೆ ಕೆಲಸ. ಮೆಟ್ರಿಕ್ ಪಾಸಾಗಿದ್ದರೆ ತಿಂಗಳಿಗೆ 150 ರೂಪಾಯಿ, ಇಲ್ಲದಿದ್ದರೆ 100. ಊರಿನವಳೇ ಆದ್ದರಿಂದ ಊರಿನ ಮೇಲೆ ಪ್ರೀತಿ ಇರುತ್ತೆ, ಸಂಬಳಕ್ಕಾಗಿ ಬಂದವಳಂಥ ಧೋರಣೆ ಇರಲ್ಲ ಅನ್ನೋದು ಆಗಿನ ನಂಬಿಕೆ. ಅದರಲ್ಲಿ ಸತ್ಯವೂ ಇತ್ತು. ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ, ಯಾವ ಬಾಣಂತಿ ಸೊರಗಿದ್ದಾಳೆ ಅನ್ನೋದು ಹೊರಗಿಂದ ಬಂದ ನರ್ಸ್‌ಗೆ ಗೊತ್ತಾಗಲ್ಲ, ಪಕ್ಕದ ಬೀದಿಯ ಈಕೆಗೆ ಗೊತ್ತಿರುತ್ತೆ. ಆದ್ರೆ ಅದೇ ನಂಬಿಕೆ ಸರ್ಕಾರದ ಖಜಾನೆಗೂ ಅನುಕೂಲವಾಗಿತ್ತು.

ಮನೆ ಬಿಟ್ಟು ಕಲಿತ ಕಾಲ

ಈಗ ಊಹಿಸಿ. ಎಸ್ಸೆಸ್ಸೆಲ್ಸಿವರೆಗೆ ಓದಿದ, ಊರು ಬಿಟ್ಟು ಹೋಗದ ಒಬ್ಬ ಹೆಂಗಸು. ಅವಳು ನಾಳೆಯಿಂದ ಅರ್ಧ ಟೀಚರ್, ಅರ್ಧ ನರ್ಸ್, ಅಡುಗೆಯ ಉಸ್ತುವಾರಿ, ಲೆಕ್ಕದ ಗುಮಾಸ್ತೆ ಎಲ್ಲಾ ಆಗಬೇಕು. ಹೇಗೆ? ಉತ್ತರ: ತರಬೇತಿ.

ಇದಕ್ಕಾಗಿ ದೊಡ್ಡ ವ್ಯವಸ್ಥೆಯನ್ನೇ ಕಟ್ಟಿದರು. ಮೇಲೆ ದಿಲ್ಲಿಯ ರಾಷ್ಟ್ರೀಯ ಸಾರ್ವಜನಿಕ ಸಹಕಾರ ಮತ್ತು ಶಿಶು ಅಭಿವೃದ್ಧಿ ಸಂಸ್ಥೆ. ಇಲಾಖೆಯವರ ಬಾಯಲ್ಲಿ ಅದು 'ನಿಪ್ಸಿಡ್'. 1980ರಲ್ಲಿ ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿಗೂ ಬಂತು. ಅಲ್ಲಿ ಸಿಡಿಪಿಒಗಳಿಗೆ, ತರಬೇತಿ ಕೊಡುವವರಿಗೇ ತರಬೇತಿ. ಅದರ ಕೆಳಗೆ ಮೇಲ್ವಿಚಾರಕಿಯರಿಗೆ ಮಧ್ಯಮ ಹಂತದ ತರಬೇತಿ ಕೇಂದ್ರಗಳು. ಅದರ ಕೆಳಗೆ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಕೇಂದ್ರಗಳು. ಇವುಗಳಲ್ಲಿ ಬಹಳಷ್ಟನ್ನ ನಡೆಸಿದ್ದು ಸ್ವಯಂಸೇವಾ ಸಂಸ್ಥೆಗಳು. ವೈದ್ಯಕೀಯ ಕಾಲೇಜುಗಳೂ ಕೈ ಜೋಡಿಸಿದವು. ದಿಲ್ಲಿಯ ಏಮ್ಸ್‌ನ ಡಾ. ಬಿ.ಎನ್. ಟಂಡನ್ ಮುಂದಾಳತ್ವದಲ್ಲಿ ಕಾಲೇಜು ಪ್ರಾಧ್ಯಾಪಕರು ಹಳ್ಳಿಗೆ ಹೋಗಿ ಮಕ್ಕಳ ತೂಕದ ಸಮೀಕ್ಷೆ ಮಾಡಿದರು, ಸಿಬ್ಬಂದಿಗೆ ಪಾಠ ಹೇಳಿದರು.

ಮೊದಲ ವರ್ಷಗಳಲ್ಲಿ ಕಾರ್ಯಕರ್ತೆಯ ತರಬೇತಿ ಅಂದ್ರೆ ತಿಂಗಳುಗಟ್ಟಲೆ ಮನೆ ಬಿಟ್ಟು ಕೇಂದ್ರದಲ್ಲೇ ಉಳಿದು ಕಲಿಯೋದು. ದೊಡ್ಡಮ್ಮ ಹೋದಾಗ ನಮ್ಮ ಅಣ್ಣ ಮೂರು ವರ್ಷದವನು. ಅವನನ್ನ ಅಜ್ಜಿ ಹತ್ತಿರ ಬಿಟ್ಟು ಹೋದರಂತೆ. ಊರಲ್ಲಿ ಮಾತಾಡಿದವರಿಗೇನೂ ಕಮ್ಮಿ ಇರಲಿಲ್ಲ. "ಬೇರೆಯವರ ಮಕ್ಕಳನ್ನ ನೋಡೋಕೆ ಸ್ವಂತ ಮಗಿನ್ ಬಿಟ್ಟು ಹೋದ್ಲು" ಅಂದ್ರಂತೆ. ಆದ್ರೆ ಆ ತಿಂಗಳುಗಳ ಬಗ್ಗೆ ಮಾತಾಡುವಾಗ ಅವರ ಮುಖ ಈಗಲೂ ಬೇರೆಯಾಗುತ್ತೆ. ಬೇರೆ ಬೇರೆ ಜಾತಿಯ ಹೆಂಗಸರು ಒಂದೇ ಪಂಕ್ತಿಯಲ್ಲಿ ಊಟ ಮಾಡಿದ್ದು. ಮಾತಿಲ್ಲದ ಗೊಂಬೆಗೆ ಬಟ್ಟೆ ಹೊಲಿದು ಕಥೆ ಹೇಳೋದನ್ನ ಕಲಿತದ್ದು. ಹತ್ತಿರದ ಬಾಲವಾಡಿಯಲ್ಲಿ ಒಂದು ಇಡೀ ಬೆಳಗ್ಗೆ ಒಂದೇ ಮಗುವನ್ನ ಗಮನಿಸಿ, ಅದು ಏನೇನು ಮಾಡಿತು ಅಂತ ಬರೆದದ್ದು. ಆ ನೋಟ್‌ಬುಕ್‌ನಲ್ಲಿ ನಾಲ್ಕು ಪುಟ ಅದೇ ಇದೆ. ಒಂದು ಹೆಣ್ಣುಮಗು ಮಣ್ಣಿನ ರೊಟ್ಟಿ ತಟ್ಟಿದ್ದು, ಅದನ್ನ ಯಾರಿಗೂ ಕೊಡದೆ ಲಂಗದಲ್ಲಿ ಬಚ್ಚಿಟ್ಟುಕೊಂಡದ್ದು.

ಕೋಸಬಾಡಿನ ಗುಡ್ಡದಲ್ಲಿ ಅನುತಾಯಿ ಹೇಳಿಕೊಟ್ಟದ್ದೂ ಇದನ್ನೇ ಅಲ್ವಾ? ಮೊದಲು ಮಗುವನ್ನ ನೋಡು ಅಂತ.

ದಿನ ಕಮ್ಮಿ, ಕೆಲಸ ಜಾಸ್ತಿ

ಯೋಜನೆ ಬೆಳೆಯಿತು. 33 ಬ್ಲಾಕಿದ್ದದ್ದು ಸಾವಿರಾರು ಆಯಿತು. 1985ರಲ್ಲಿ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ ಪ್ರತ್ಯೇಕ ಇಲಾಖೆ ಬಂತು, 2006ರ ಜನವರಿಯಲ್ಲಿ ಅದೇ ಸ್ವತಂತ್ರ ಸಚಿವಾಲಯವಾಯಿತು. ಹೊಸ ಕೇಂದ್ರಗಳು ತೆರೆಯೋ ವೇಗಕ್ಕೆ ತರಬೇತಿ ಸಾಲದಾಯಿತು. ಕಾರ್ಯಕರ್ತೆಯರು ತರಬೇತಿಯೇ ಇಲ್ಲದೆ ಕೆಲಸ ಶುರು ಮಾಡೋದು ಮಾಮೂಲಾಯಿತು.

1999ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ 'ಉದಿಶಾ' ಅನ್ನೋ ರಾಷ್ಟ್ರೀಯ ತರಬೇತಿ ಕಾರ್ಯಕ್ರಮ ಬಂತು. ಹಿಂದೆ ಉಳಿದಿದ್ದ ತರಬೇತಿಯ ಬಾಕಿ ತೀರಿಸಬೇಕು, ಉಪನ್ಯಾಸ ಬಿಟ್ಟು ಮಗುವನ್ನ ಕೇಂದ್ರವಾಗಿ ಇಟ್ಟುಕೊಂಡು ಕಲಿಸಬೇಕು, ಪ್ರತಿ ರಾಜ್ಯವೂ ತನ್ನದೇ ತರಬೇತಿ ಯೋಜನೆ ಮಾಡಿಕೊಳ್ಳಬೇಕು ಅನ್ನೋದು ಅದರ ಆಶಯ. ಆಶಯ ಚೆನ್ನಾಗಿತ್ತು. ಆದ್ರೆ ತರಬೇತಿಯ ಅವಧಿ ಮಾತ್ರ ಇಳಿಯುತ್ತಾ ಬಂದು, ಮುಂದೆ ಕಾರ್ಯಕರ್ತೆಯ ಮೂಲ ತರಬೇತಿ 26 ಕೆಲಸದ ದಿನಗಳಿಗೆ ನಿಂತಿತು. ಆಮೇಲೆ ಆಗಾಗ ಐದು ದಿನದ ಪುನಶ್ಚೇತನ ಶಿಬಿರ.

ಇನ್ನೊಂದು ತೊಂದರೆ ಆ ವ್ಯವಸ್ಥೆಯ ಸ್ವರೂಪದಲ್ಲೇ ಇತ್ತು. ದಿಲ್ಲಿಯವರು ಬೆಂಗಳೂರಿನವರಿಗೆ, ಬೆಂಗಳೂರಿನವರು ಜಿಲ್ಲೆಯವರಿಗೆ, ಜಿಲ್ಲೆಯವರು ಕಾರ್ಯಕರ್ತೆಗೆ. ನಾಲೆಯ ಕೊನೆಯ ಗದ್ದೆಗೆ ನೀರು ಎಷ್ಟು ಬರುತ್ತೆ ಅನ್ನೋದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಮೇಲಿಂದ ಕೆಳಗೆ ಪಾಠ ಇಳಿಯಿತು. ಕೆಳಗಿಂದ ಮೇಲಕ್ಕೆ ಹೋಗಿದ್ದು ಮಾತ್ರ ವರದಿ, ರಿಜಿಸ್ಟರ್. ಕಾರ್ಯಕರ್ತೆ ಕಂಡ ಮಗು ಆ ದಾರಿಯಲ್ಲಿ ಮೇಲೆ ಹೋಗಲೇ ಇಲ್ಲ.

ಹಾಗಂತ ತರಬೇತಿಯೆಲ್ಲ ವ್ಯರ್ಥ ಅನ್ನೋ ಮಾತು ಸುಳ್ಳು. ಒಂದು ಉದಾಹರಣೆ ಕೊಡ್ತೀನಿ. 2008ರವರೆಗೆ ಅಂಗನವಾಡಿಯ ಬೆಳವಣಿಗೆ ಚಾರ್ಟ್‌ನಲ್ಲಿ ಗಂಡು ಮಗು, ಹೆಣ್ಣು ಮಗು ಇಬ್ಬರಿಗೂ ಒಂದೇ ಗೆರೆ. ಕಡಿಮೆ ತೂಕವನ್ನ ಒಂದರಿಂದ ನಾಲ್ಕನೇ ದರ್ಜೆ ಅಂತ ಅಳೀತಿದ್ದರು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾನದಂಡ ತಂದಿತು. 2008ರ ಆಗಸ್ಟ್ 15ರಿಂದ ಭಾರತ ಅದನ್ನ ಐಸಿಡಿಎಸ್‌ಗೆ ತಂದಿತು. ಹುಡುಗರಿಗೊಂದು, ಹುಡುಗಿಯರಿಗೊಂದು ಚಾರ್ಟ್. ಹಸಿರು, ಹಳದಿ, ಕಿತ್ತಳೆ ಬಣ್ಣಗಳು. ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಹಳೆಯದನ್ನ ಮರೆತು ಹೊಸದನ್ನ ಕಲಿಯಬೇಕಾಯಿತು.

ದೊಡ್ಡಮ್ಮ ಹೇಳ್ತಾರೆ, "ಮೊದ್ಲು ಒಂದ್ ವಾರ ನಂಗೆ ತಲೇನೇ ಓಡ್ಲಿಲ್ಲ. ನಿನ್ನೆವರೆಗೂ ಚೆನ್ನಾಗವ್ಳೆ ಅಂದಿದ್ ಮಗೀನ ಇವತ್ತು ಹಳದಿಗೆ ಹಾಕ್ಬೇಕು. ಅವ್ರಮ್ಮಂಗೆ ಏನ್ ಹೇಳಾದು? ಆಮೇಲ್ ಗೊತ್ತಾಯ್ತು, ಇದ್ರಲ್ ಸಣ್ಣ ಮಕ್ಳು ಬೇಗ ಕಣ್ಣಿಗ್ ಬೀಳ್ತವೆ ಅಂತ."

ಅವರ ಕೇಂದ್ರದ ಒಂದು ಮಗುವನ್ನ ಈ ಚಾರ್ಟ್ ನೋಡಿಯೇ ಜಿಲ್ಲಾಸ್ಪತ್ರೆಗೆ ಕಳಿಸಿದ್ದರಂತೆ. ಬಸ್‌ ಚಾರ್ಜ್ ಕೈಯಿಂದ ಕೊಟ್ಟು, ತಾಯಿಯ ಜೊತೆ ತಾವೇ ಹೋಗಿದ್ದರು. ಆ ಹುಡುಗಿ ಈಗ ಪಿಯುಸಿ ಓದ್ತಿದ್ದಾಳೆ. ದೊಡ್ಡಮ್ಮನನ್ನ ಕಂಡ್ರೆ ಇವತ್ತಿಗೂ "ಟೀಚರಮ್ಮ" ಅಂತ ಓಡಿ ಬರ್ತಾಳೆ.

ಟೀಚರಮ್ಮ. ಊರು ಕೊಟ್ಟ ಹೆಸರು ಅದು. ಕಡತದಲ್ಲಿ ಮಾತ್ರ ಕಾರ್ಯಕರ್ತೆ.

2006ರ ಡಿಸೆಂಬರ್

ಈಗ ಈ ಇತಿಹಾಸದ ಮುಖ್ಯ ತಿರುವಿಗೆ ಬರೋಣ. 2006ರ ಡಿಸೆಂಬರ್. ಒಂದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನಿಂದ ಎರಡು ತೀರ್ಮಾನ ಬಂದವು.

ಒಂದು ಆಹಾರದ ಹಕ್ಕಿನ ಪ್ರಕರಣ. 2001ರಲ್ಲಿ ಪಿಯುಸಿಎಲ್ ಹಾಕಿದ್ದ ಅರ್ಜಿ. ಗೋದಾಮಿನಲ್ಲಿ ಧಾನ್ಯ ಕೊಳೀತಿದೆ, ಜನ ಹಸಿದಿದ್ದಾರೆ ಅನ್ನೋದು ಅದರ ಮೂಲ ದೂರು. ಅದೇ ಪ್ರಕರಣದಲ್ಲಿ 2006ರ ಡಿಸೆಂಬರ್ 13ರಂದು ಕೋರ್ಟ್ ಹೇಳಿತು: ದೇಶದ ಪ್ರತಿ ಜನವಸತಿಗೂ ಅಂಗನವಾಡಿ ಬೇಕು, 2008ರ ಡಿಸೆಂಬರ್ ಹೊತ್ತಿಗೆ ಕನಿಷ್ಠ 14 ಲಕ್ಷ ಕೇಂದ್ರಗಳಿರಬೇಕು, ನಲವತ್ತು ಮಕ್ಕಳಿದ್ದು ಊರಿನವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಅಂದ್ರೆ ಅಂಗನವಾಡಿ ಸರ್ಕಾರದ ಕೃಪೆಯಲ್ಲ, ಮಗುವಿನ ಹಕ್ಕು.

ಇನ್ನೊಂದು ನಮ್ಮ ರಾಜ್ಯದ್ದೇ ಪ್ರಕರಣ. ಕರ್ನಾಟಕ ಸರ್ಕಾರ ವಿರುದ್ಧ ಅಮೀರ್‌ಬಿ. ಅಂಗನವಾಡಿ ಕಾರ್ಯಕರ್ತೆಯರ ಸೇವಾ ವಿವಾದವನ್ನ ಕರ್ನಾಟಕ ಆಡಳಿತ ನ್ಯಾಯಮಂಡಳಿ ಕೇಳಬಹುದಾ ಅನ್ನೋದು ಪ್ರಶ್ನೆ. ಕೇಳಬೇಕಾದರೆ ಅವರು ಸರ್ಕಾರಿ ಹುದ್ದೆಯಲ್ಲಿರಬೇಕು. ಕೋರ್ಟ್ ಇಲ್ಲ ಅಂದಿತು. ಇದು ಕಾನೂನಿನ ಅಡಿಯಲ್ಲಿ ಹುಟ್ಟಿದ ಹುದ್ದೆಯಲ್ಲ, ಸರ್ಕಾರಿ ನೌಕರರ ನೇಮಕಾತಿ ನಿಯಮ ಇವರಿಗೆ ಅನ್ವಯಿಸಲ್ಲ, ಇದು ಒಂದು ಯೋಜನೆಯ ಕೆಳಗಿನ ಕೆಲಸ ಅಷ್ಟೇ ಅಂತ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೇಂದ್ರ ಮಗುವಿನ ಹಕ್ಕು. ಆ ಹಕ್ಕನ್ನ ಮಗುವಿನ ತಟ್ಟೆಗೆ ಬಡಿಸುವವಳು ಮಾತ್ರ ಸ್ವಯಂಸೇವಕಿ. ಇಷ್ಟು ವರ್ಷ ಗೌರವಧನ ಅನ್ನೋ ಪದದೊಳಗೆ ಮುಚ್ಚಿಕೊಂಡಿದ್ದ ವಿರೋಧಾಭಾಸ ಆ ಡಿಸೆಂಬರ್‌ನಲ್ಲಿ ಬಯಲಿಗೆ ಬಂತು.

ಅದರ ನಂತರದ ವರ್ಷಗಳಲ್ಲಿ ಸಂಸ್ಥೆ ಮತ್ತೆ ಮತ್ತೆ ಬದಲಾಯಿತು. 2012ರ ಪುನರ್‌ರಚನೆಯಲ್ಲಿ ಹನ್ನೊಂದು ರಿಜಿಸ್ಟರ್‌ಗಳು ನಿಗದಿಯಾದವು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಂಗನವಾಡಿ ಊಟಕ್ಕೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕದಲ್ಲಿ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡೋ ಮಾತೃಪೂರ್ಣ. ಒಂದೊಂದೂ ಒಳ್ಳೇ ಯೋಜನೆ. ಒಂದೊಂದೂ ಕಾರ್ಯಕರ್ತೆಯ ಪಾಲಿಗೆ ಇನ್ನೊಂದು ಕೆಲಸ, ಇನ್ನೊಂದು ತರಬೇತಿ, ಇನ್ನೊಂದು ಪುಸ್ತಕ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬಹುದು. ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗೌರವಧನ ಹೆಚ್ಚಿಸಿ ಅಂತ ಹಗಲೂ ರಾತ್ರಿ ರಸ್ತೆಯಲ್ಲೇ ಕೂತರು. ಕೆಲವರ ಮಡಿಲಲ್ಲಿ ಎಳೇ ಮಕ್ಕಳಿದ್ದವು. ನಾನು ಆಗ ಕಚೇರಿಯಿಂದ ಆ ದಾರಿಯಲ್ಲೇ ಹೋಗ್ತಿದ್ದೆ. ಟ್ರಾಫಿಕ್ ನಿಂತಿದ್ದಕ್ಕೆ ಮೊದಲ ದಿನ ನಾನೂ ಗೊಣಗಿದೆ. ಇದನ್ನ ಮುಚ್ಚಿಡಲ್ಲ. ಎರಡನೇ ದಿನ ಬಸ್ ಕಿಟಕಿಯಿಂದ ನೋಡಿದಾಗ ಫುಟ್‌ಪಾತ್ ಮೇಲೆ ಸೆರಗು ಹೊದ್ದು ಮಲಗಿದ್ದ ಒಬ್ಬರು ಥೇಟ್ ದೊಡ್ಡಮ್ಮನ ಹಾಗೇ ಕಂಡರು. ಇಳಿದು ಹೋಗಿ ನೋಡಿದೆ. ಅವರಲ್ಲ. ಆದ್ರೆ ಅದೇ ಕೆಲಸದವರು.

ನೋಟ್‌ಬುಕ್‌ನಿಂದ ಮೊಬೈಲ್‌ಗೆ

2018ರಲ್ಲಿ ಪೋಷಣ್ ಅಭಿಯಾನ ಬಂತು, ಜೊತೆಗೆ ಮೊಬೈಲ್ ಫೋನ್. ಅದೇ ವರ್ಷ ಕೇಂದ್ರ ಸರ್ಕಾರ ತನ್ನ ಲೆಕ್ಕದ ಗೌರವಧನವನ್ನ ಕಾರ್ಯಕರ್ತೆಗೆ 3,000ದಿಂದ 4,500 ರೂಪಾಯಿಗೆ, ಸಹಾಯಕಿಗೆ 1,500ರಿಂದ 2,250ಕ್ಕೆ ಏರಿಸಿತು. ರಾಜ್ಯಗಳು ತಮ್ಮ ಪಾಲು ಸೇರಿಸ್ತಾವೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್. ಮಗುವಿನ ತೂಕ, ಎತ್ತರ, ಹಾಜರಾತಿ, ಊಟ ಎಲ್ಲಾ ಅದರಲ್ಲೇ ತುಂಬಬೇಕು. 2025ರಿಂದ ಮನೆಗೆ ಕೊಡೋ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸೋ ವ್ಯವಸ್ಥೆಯೂ ಬಂತು.

ದೊಡ್ಡಮ್ಮನ ಜಾಗಕ್ಕೆ ಬಂದ ಈಗಿನ ಟೀಚರ್ ಡಿಗ್ರಿ ಓದಿದವರು. ಮೊನ್ನೆ ಅವರ ಕೇಂದ್ರಕ್ಕೂ ಹೋಗಿದ್ದೆ. ನಾನು ಕೂತಿದ್ದ ಅರ್ಧ ಗಂಟೆಯಲ್ಲಿ ಅವರು ನೆಟ್‌ವರ್ಕ್ ಹುಡುಕಿಕೊಂಡು ಮೂರು ಸಲ ಬಾಗಿಲಿನ ಹೊರಗೆ ಹೋದರು. ಒಳಗೆ ಹದಿನಾರು ಮಕ್ಕಳನ್ನ ಸಹಾಯಕಿ ನೋಡಿಕೊಳ್ತಿದ್ದರು, ಒಲೆ ಮೇಲಿನ ಸಾಂಬಾರನ್ನೂ ಅವರೇ.

"ಆ್ಯಪ್ ಕೆಟ್ಟದ್ದೇನಲ್ಲ ಸರ್" ಅಂದ್ರು ಟೀಚರ್. "ತೂಕ, ಎತ್ತರ ಹಾಕಿದ ತಕ್ಷಣ ಮಗು ಯಾವ ಹಂತದಲ್ಲಿದೆ ಅಂತ ಅದೇ ಹೇಳುತ್ತೆ. ಚಾರ್ಟ್ ಮೇಲೆ ಚುಕ್ಕಿ ಇಡೋ ಕೆಲಸ ತಪ್ತು. ಆದ್ರೆ ನನ್ನ ಕೆಲಸ ಆಗಿದೆಯಾ ಅಂತ ಎಲ್ಲರೂ ಫೋನ್‌ನಲ್ಲಿ ನೋಡ್ತಾರೆ. ಮಗು ಏನು ಕಲಿತು ಅಂತ ಯಾರೂ ಕೇಳಲ್ಲ."

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೆ ಇನ್ನೊಂದು ಪದರ ಸೇರಿಸಿತು. ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆ ಔಪಚಾರಿಕ ಶಿಕ್ಷಣದ ಬುನಾದಿ ಅಂತ ಒಪ್ಪಿಕೊಂಡಿತು. ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಅದೂ ಫೋನ್ ಮತ್ತು ಟಿವಿ ಮೂಲಕ, ಕೆಲಸ ಮಾಡ್ತಾ ಮಾಡ್ತಾ. 2023ರಲ್ಲಿ ಕೇಂದ್ರ 'ಪೋಷಣ್ ಭೀ, ಪಢಾಯಿ ಭೀ' ಅನ್ನೋ ಕಾರ್ಯಕ್ರಮ ತಂದಿತು. ಊಟದ ಜೊತೆ ಓದೂ ಇರಲಿ ಅನ್ನೋ ಉದ್ದೇಶ. ಕಾರ್ಯಕರ್ತೆಗೆ ಅದರಲ್ಲಿ ಸಿಗೋದು ಕೆಲವೇ ದಿನದ ತರಬೇತಿ. ಇತ್ತ ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯೋ ಮಾತು ಬಂದಾಗ, ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಕೇಂದ್ರದ ಗತಿ ಏನು ಅಂತ ಕಾರ್ಯಕರ್ತೆಯರು ಬೀದಿಗಿಳಿದರು. 2024ರಲ್ಲಿ ಕೆಲವು ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸ್ಸರಿಗಳಾಗಿ ಬದಲಾಯಿಸೋ ಕೆಲಸ ಶುರುವಾಯಿತು. ಗಿಜುಭಾಯಿಯವರ ಬಾಲಮಂದಿರದಿಂದ ಹೊರಟ ಮಾಂಟೆಸ್ಸರಿ ನೂರು ವರ್ಷದ ಮೇಲೆ ಅಂಗಳಕ್ಕೇ ಬಂದು ನಿಂತಿತು.

ಸಂಬಳ ಅನ್ನೋ ಪದ

ಕೊನೆಯದಾಗಿ ಇನ್ನೊಂದು ತೀರ್ಪು. 2022ರ ಏಪ್ರಿಲ್ 25. ಗುಜರಾತಿನ ದಾಹೋದ್ ಜಿಲ್ಲೆಯ ಕಾರ್ಯಕರ್ತೆಯರು ಗ್ರಾಚ್ಯುಟಿ ಕೇಳಿ ಹೋರಾಡಿ ಸುಪ್ರೀಂ ಕೋರ್ಟ್‌ವರೆಗೆ ಬಂದಿದ್ದರು. ಈ ಸಲ ಕೋರ್ಟ್ ಹೌದು ಅಂದಿತು. ಆಹಾರ ಭದ್ರತಾ ಕಾಯ್ದೆ, ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅಂಗನವಾಡಿಗಳು ಕಾನೂನು ಹೊರಿಸಿದ ಕರ್ತವ್ಯವನ್ನೇ ಮಾಡ್ತಿವೆ. ಹಾಗಾಗಿ 1972ರ ಗ್ರಾಚ್ಯುಟಿ ಕಾಯ್ದೆ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತೆ. ಇದನ್ನ ಅರೆಕಾಲಿಕ ಕೆಲಸ ಅನ್ನಲಾಗದು. ಆ ಕಾಯ್ದೆಯ ಮಟ್ಟಿಗೆ ಅವರ ಗೌರವಧನವೂ ವೇತನವೇ.

ನಲವತ್ತೇಳು ವರ್ಷ ಬೇಕಾಯಿತು, ಗೌರವಧನವನ್ನ ವೇತನ ಅಂತ ಒಂದು ಕಡೆಯಾದ್ರೂ ಓದೋದಕ್ಕೆ. ನೌಕರಿಯ ಪ್ರಶ್ನೆ ಇನ್ನೂ ಹಾಗೇ ಇದೆ.

ಈ ಇತಿಹಾಸವನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಮಕ್ಕಳ ಕಲ್ಯಾಣದ ವ್ಯವಸ್ಥೆಯಲ್ಲಿ ಏನೇ ಬದಲಾವಣೆ ಬಂದರೂ ಸರ್ಕಾರಗಳ ಮೊದಲ ಉತ್ತರ 'ತರಬೇತಿ ಕೊಡೋಣ' ಅನ್ನೋದು. ಅದು ಬೇಕೇ ಬೇಕು. ತರಬೇತಿ ಇಲ್ಲದಿದ್ದರೆ ಆ ಹಳದಿ ಬಣ್ಣದ ಹುಡುಗಿ ಆಸ್ಪತ್ರೆ ಮುಟ್ತಿರಲಿಲ್ಲ. ಆದ್ರೆ ತರಬೇತಿಗೆ ಒಂದು ಅನುಕೂಲವೂ ಇದೆ. ಏನೋ ಬದಲಾಯಿಸಿದ ಹಾಗೆ ಕಾಣುತ್ತೆ, ಖರ್ಚು ಕಮ್ಮಿ. ಹುದ್ದೆ ಸೃಷ್ಟಿಸೋದು, ಕಟ್ಟಡ ಕಟ್ಟೋದು, ಎರಡನೇ ಕಾರ್ಯಕರ್ತೆಯನ್ನ ಕೊಡೋದು ಖರ್ಚಿನ ಮಾತು. ಐವತ್ತು ವರ್ಷದಲ್ಲಿ ನಾವು ಕಾರ್ಯಕರ್ತೆಯನ್ನ ಬದಲಾಯಿಸ್ತಾ ಬಂದೆವು, ಅವಳು ನಿಂತ ಜಾಗವನ್ನ ಬದಲಾಯಿಸೋದಕ್ಕೆ ಹಿಂದೆಮುಂದೆ ನೋಡಿದೆವು. ಇದರ ಬೆಲೆ ತೆತ್ತದ್ದು ಅವಳೊಬ್ಬಳೇ ಅಲ್ಲ. ಟೀಚರ್ ನೆಟ್‌ವರ್ಕ್ ಹುಡುಕ್ತಾ ಹೊರಗಿದ್ದ ಹೊತ್ತಿನಲ್ಲಿ ಒಳಗೆ ಮಣ್ಣಿನ ರೊಟ್ಟಿ ತಟ್ಟೋ ಮಗುವನ್ನ ನೋಡೋರು ಯಾರೂ ಇರಲ್ಲ.

ದೊಡ್ಡಮ್ಮ ನಿವೃತ್ತರಾದ ದಿನ ಹಾರ, ಶಾಲು, ಒಂದು ಸಣ್ಣ ಇಡಗಂಟು ಸಿಕ್ಕಿತ್ತು. 2022ರ ತೀರ್ಪಿನ ಬಗ್ಗೆ ನಾನೇ ಅವರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಅಂದ್ರೆ ನಾವ್ ಮಾಡಿದ್ದು ಕೆಲ್ಸಾನೇ ಅಂತ ಬರ್ದವ್ರಾ ಅದ್ರಲ್ಲಿ?" ಅಂತ ಕೇಳಿದರು.

"ಹೂಂ ದೊಡ್ಡಮ್ಮ, ಬರೆದಿದ್ದಾರೆ" ಅಂದೆ.

"ಹಂಗಾದ್ರೆ ಆ ಹಾಳೇನೂ ಒಂದ್ ಪ್ರಿಂಟ್ ತೆಗೆಸ್ಕೊಂಡ್ ಬಾ. ಈ ಬುಕ್ ಒಳ್ಗೇ ಮಡಗ್ತೀನಿ."

ಮುಂದಿನ ಸಲ ಊರಿಗೆ ಹೋಗುವಾಗ ತಗೊಂಡು ಹೋಗ್ತೀನಿ. ನಿಮ್ಮೂರಿನ ಅಂಗನವಾಡಿ ಟೀಚರ್ ಬಗ್ಗೆ ನಿಮಗೆ ಏನಾದ್ರೂ ನೆನಪಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗೋಣ.